ಬೋಳು ತಲೆಗೆ ಪುಣೆಯ ನೀರು ಕಾರಣವೇ? ಪುರುಷರಲ್ಲಿ ಕೂದಲು ಉದುರಲು ನಿಜವಾದ ಕಾರಣಗಳೇನು? ಇಲ್ಲಿದೆ ಸಂಪೂರ್ಣ ಮಾಹಿತಿ

ಪುಣೆ: ‘ಊರಾಗ ಇದ್ದಾಗ ಕೂದಲು ಚೊಲೋ ಇದ್ವು, ಇಲ್ಲಿ ನೀರು ತಾಗಿದ ಮ್ಯಾಲೆ ಉದರಾಕ ಹತ್ಯಾವ.’ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ್ ಕಡೆಯಿಂದ ಓದಿಗೋ ಕೆಲಸಕ್ಕೋ ಪುಣೆಗೆ ಬಂದ ಯುವಕರ ಬಾಯಲ್ಲಿ ಈ ಮಾತು ಹೊಸದಲ್ಲ. ಹಿಂಜವಡಿ, ಖರಾಡಿ, ವಾಘೋಲಿಯ ಪಿಜಿಗಳಲ್ಲಿ ಇರುವವರು ಟ್ಯಾಂಕರ್ ನೀರನ್ನು ಬೈಯುತ್ತಾರೆ. ದಿನವೂ ಬೈಕ್ ಓಡಿಸುವವರು ಹೆಲ್ಮೆಟ್‌ನ್ನು ಬೈಯುತ್ತಾರೆ. ಮೆಸ್ ಊಟ, ನೈಟ್ ಶಿಫ್ಟ್, ಟೆನ್ಶನ್ ಹೀಗೆ ಕಾರಣಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಊರು ಬಿಟ್ಟು ನಗರಕ್ಕೆ ಬರುವ ವಯಸ್ಸು ಸಾಮಾನ್ಯವಾಗಿ 18ರಿಂದ 25. ಪುರುಷರಲ್ಲಿ ವಂಶಪಾರಂಪರ್ಯವಾಗಿ ಬರುವ ಬೋಳು ತಲೆ ಕಾಣಿಸಿಕೊಳ್ಳಲು ಶುರುವಾಗುವುದೂ ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ಎರಡೂ ಒಂದೇ ಹೊತ್ತಿಗೆ ಬರುವುದರಿಂದ ಅಪವಾದ ನಗರದ ನೀರಿನ ಮೇಲೆ ಬೀಳುತ್ತದೆ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ನೀರು ಬದಲಿಸುತ್ತ, ಶಾಂಪೂ ಬದಲಿಸುತ್ತ, ಎಣ್ಣೆ ಹಚ್ಚುತ್ತ ಎರಡು ಮೂರು ವರ್ಷ ಕಳೆದುಹೋಗುತ್ತವೆ. ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನ ಸಿಗುವ ಅವಧಿ ಕೂಡ ಅದೇ ಆಗಿರುತ್ತದೆ.

ಹಾಗಾದರೆ ಪುರುಷರ ಬೋಳು ತಲೆಗೆ ನಿಜವಾದ ಅಪಾಯಕಾರಿ ಅಂಶಗಳು ಯಾವುವು? ಯಾವುದು ಬರೀ ನಂಬಿಕೆ? ಯಾವಾಗ ವೈದ್ಯರ ಬಳಿ ಹೋಗಬೇಕು? ಇಲ್ಲಿದೆ ವಿವರ.

ಪುರುಷರ ಬೋಳು ತಲೆ ಎಂದರೇನು?

ವೈದ್ಯಕೀಯ ಭಾಷೆಯಲ್ಲಿ ಇದಕ್ಕೆ ‘ಆಂಡ್ರೋಜೆನೆಟಿಕ್ ಅಲೋಪೇಸಿಯಾ’ ಎಂದು ಹೆಸರು. ‘ಆಂಡ್ರೋ’ ಎಂದರೆ ಪುರುಷ ಹಾರ್ಮೋನ್, ‘ಜೆನೆಟಿಕ್’ ಎಂದರೆ ವಂಶವಾಹಿ. ಕಾರಣ ಹೆಸರಿನಲ್ಲೇ ಇದೆ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆದು, ಆಮೇಲೆ ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾತ್‌ರೂಮಿನಲ್ಲಿ, ದಿಂಬಿನ ಮೇಲೆ ನಾಲ್ಕು ಕೂದಲು ಕಂಡ ಮಾತ್ರಕ್ಕೆ ಗಾಬರಿ ಬೇಡ.

ಬೋಳು ತಲೆಯಲ್ಲಿ ಆಗುವುದು ಬೇರೆ. ಉದುರಿದ ಜಾಗದಲ್ಲಿ ಹುಟ್ಟುವ ಹೊಸ ಕೂದಲು ಪ್ರತಿ ಸುತ್ತಿನಲ್ಲೂ ಹಿಂದಿನದಕ್ಕಿಂತ ತೆಳುವಾಗಿ, ಗಿಡ್ಡವಾಗಿ ಬರುತ್ತದೆ. ಕೊನೆಗೆ ಕಣ್ಣಿಗೆ ಕಾಣದ ನವಿರಾಗಿ ಉಳಿಯುತ್ತದೆ. ಅಂದರೆ ಇಲ್ಲಿ ಎಷ್ಟು ಕೂದಲು ಉದುರಿತು ಎನ್ನುವುದಕ್ಕಿಂತ ಮತ್ತೆ ಹುಟ್ಟುವ ಕೂದಲು ಎಷ್ಟು ದಪ್ಪಗಿದೆ ಎನ್ನುವುದೇ ಮುಖ್ಯ.

ಇದಕ್ಕೆ ಒಂದು ನಿರ್ದಿಷ್ಟ ವಿನ್ಯಾಸವೂ ಇದೆ. ಹಣೆಯ ಎರಡೂ ಬದಿ ಕೂದಲು ಹಿಂದೆ ಸರಿಯುತ್ತದೆ, ನೆತ್ತಿಯ ಸುಳಿಯ ಸುತ್ತ ತೆಳುವಾಗುತ್ತದೆ, ಮುಂದೆ ಎರಡೂ ಕೂಡಿಕೊಳ್ಳುತ್ತವೆ. ಹಿಂದಲೆಯ ಮತ್ತು ಕಿವಿಯ ಮೇಲಿನ ಕೂದಲು ಮಾತ್ರ ಉಳಿಯುತ್ತದೆ. ಈ ಹಂತಗಳನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ವರ್ಗೀಕರಿಸಿದರು. 1975ರಲ್ಲಿ ನಾರ್‌ವುಡ್ ಅದನ್ನು ಪರಿಷ್ಕರಿಸಿದರು. ಇಂದಿಗೂ ವೈದ್ಯರು ‘ಹ್ಯಾಮಿಲ್ಟನ್–ನಾರ್‌ವುಡ್’ ಹಂತಗಳ ಲೆಕ್ಕದಲ್ಲೇ ಮಾತನಾಡುತ್ತಾರೆ.

ಇದು ಅಪರೂಪದ ಸಮಸ್ಯೆಯೂ ಅಲ್ಲ. ಬೆಂಗಳೂರಿನ ಚರ್ಮರೋಗ ತಜ್ಞ ಡಾ. ಕೃಪಾಶಂಕರ್ ಮತ್ತು ಸಹೋದ್ಯೋಗಿಗಳು 1,005 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 30ರಿಂದ 50 ವರ್ಷದೊಳಗಿನ ಪುರುಷರಲ್ಲಿ ಶೇ 58ರಷ್ಟು ಮಂದಿಗೆ ಈ ಲಕ್ಷಣ ಕಂಡುಬಂದಿತ್ತು.

1. ಅನುವಂಶೀಯತೆ: ಸೋದರಮಾವನಷ್ಟೇ ಅಲ್ಲ, ಅಪ್ಪನ ತಲೆಯನ್ನೂ ನೋಡಿ

ಎಲ್ಲಕ್ಕಿಂತ ದೊಡ್ಡ ಅಪಾಯಕಾರಿ ಅಂಶ ಇದೇ. ಆಸ್ಟ್ರೇಲಿಯಾದ ಅವಳಿ ಸಹೋದರರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬರಿಗೆ ಬೋಳು ಬಂದು ಇನ್ನೊಬ್ಬರಿಗೆ ಬಾರದಿರುವ ವ್ಯತ್ಯಾಸದಲ್ಲಿ ಸುಮಾರು ಶೇ 80ರಷ್ಟು ಪಾಲು ವಂಶವಾಹಿಗಳದ್ದು.

‘ತಾಯಿಯ ತಂದೆಗೋ ಸೋದರಮಾವನಿಗೋ ಬೋಳು ಇದ್ದರೆ ನಿನಗೂ ಬರುತ್ತದೆ’ ಎಂಬ ಮಾತು ಮನೆಮನೆಯಲ್ಲೂ ಇದೆ. ಇದರಲ್ಲಿ ಅರ್ಧ ಸತ್ಯವಿದೆ. ಪುರುಷ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಕ್ಕಳಿಗೆ ಎಕ್ಸ್ ಸಿಗುವುದು ತಾಯಿಯಿಂದ ಮಾತ್ರ. ಹಾಗಾಗಿ ತಾಯಿಯ ಕಡೆಯ ಪ್ರಭಾವ ಗಟ್ಟಿಯಾಗಿದೆ.

ಆದರೆ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಯುಕೆ ಬಯೋಬ್ಯಾಂಕ್‌ನ 52 ಸಾವಿರಕ್ಕೂ ಹೆಚ್ಚು ಪುರುಷರ ಮಾಹಿತಿಯನ್ನು ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಬೋಳು ತಲೆಯೊಂದಿಗೆ ನಂಟಿರುವ 287 ಆನುವಂಶಿಕ ಪ್ರದೇಶಗಳು ಅದರಲ್ಲಿ ಪತ್ತೆಯಾದವು. ಇವುಗಳಲ್ಲಿ 40 ಮಾತ್ರ ಎಕ್ಸ್ ವರ್ಣತಂತುವಿನಲ್ಲಿದ್ದವು. ಉಳಿದವು ತಂದೆ ತಾಯಿ ಇಬ್ಬರಿಂದಲೂ ಬರಬಲ್ಲವು. ತಂದೆಗೆ ಬೋಳು ಇದ್ದರೆ ಮಗನಿಗೆ ಬರುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಅಮೆರಿಕದ ಒಂದು ಅಧ್ಯಯನ 2004ರಲ್ಲಿ ಹೇಳಿತ್ತು.

ಅಪಾಯವನ್ನು ಅಂದಾಜು ಮಾಡಬೇಕಾದರೆ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಅಜ್ಜಂದಿರು, ಸೋದರಮಾವ, ಅಣ್ಣ ಎಲ್ಲರನ್ನೂ ನೋಡಬೇಕು. ಅವರಿಗೆ ಬೋಳು ಬಂದಿದೆಯೇ ಎನ್ನುವುದಷ್ಟೇ ಅಲ್ಲ, ಯಾವ ವಯಸ್ಸಿನಲ್ಲಿ ಶುರುವಾಯಿತು ಎನ್ನುವುದನ್ನೂ ಕೇಳಿ ತಿಳಿದುಕೊಳ್ಳಿ.

2. ಹಾರ್ಮೋನ್: ಹೆಚ್ಚಾದದ್ದಲ್ಲ, ಬುಡ ಸೂಕ್ಷ್ಮವಾದದ್ದು

ದೇಹದಲ್ಲಿರುವ ಟೆಸ್ಟೋಸ್ಟೆರಾನ್‌ನ ಒಂದು ಭಾಗವನ್ನು ‘5–ಆಲ್ಫಾ ರಿಡಕ್ಟೇಸ್’ ಎಂಬ ಕಿಣ್ವ ಡಿಎಚ್‌ಟಿ ಎಂಬ ಇನ್ನೂ ಪ್ರಬಲವಾದ ಹಾರ್ಮೋನ್ ಆಗಿ ಬದಲಿಸುತ್ತದೆ. ಹಣೆ ಮತ್ತು ನೆತ್ತಿಯ ಕೂದಲಿನ ಬುಡಗಳು ಈ ಡಿಎಚ್‌ಟಿಗೆ ಸೂಕ್ಷ್ಮವಾಗಿದ್ದರೆ ಅವು ಕ್ರಮೇಣ ಕುಗ್ಗುತ್ತವೆ. ಹಿಂದಲೆಯ ಬುಡಗಳು ಅಷ್ಟು ಸೂಕ್ಷ್ಮವಲ್ಲ, ಆದ್ದರಿಂದ ಅಲ್ಲಿ ಕೂದಲು ಉಳಿಯುತ್ತದೆ.

ಬೋಳು ತಲೆಯವರಿಗೆ ಗಂಡಸುತನ ಹೆಚ್ಚು ಎಂಬ ಹಾಸ್ಯಕ್ಕೆ ಆಧಾರವಿಲ್ಲ. ಬೋಳು ಬಂದವರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಪ್ರಮಾಣ ಸಾಮಾನ್ಯವಾಗಿ ಉಳಿದವರಷ್ಟೇ ಇರುತ್ತದೆ.

ಈ ಗುಟ್ಟು ಬಿಡಿಸಿದವರು ಅದೇ ಹ್ಯಾಮಿಲ್ಟನ್. ಪ್ರೌಢಾವಸ್ಥೆಗೆ ಮೊದಲೇ ವೃಷಣಗಳನ್ನು ಕಳೆದುಕೊಂಡ ಪುರುಷರಿಗೆ ಬೋಳು ಬರುವುದಿಲ್ಲ ಎಂದು ಅವರು 1942ರಲ್ಲಿ ತೋರಿಸಿದರು. ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ, ವಂಶದಲ್ಲಿ ಬೋಳು ಇದ್ದವರಿಗೆ ಕೂದಲು ಉದುರತೊಡಗಿತು. ವಂಶದಲ್ಲಿ ಇಲ್ಲದವರಿಗೆ ಉದುರಲಿಲ್ಲ. ಮುಂದೆ 1974ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಕುಟುಂಬಗಳ ಅಧ್ಯಯನ ಪ್ರಕಟವಾಯಿತು. ಅಲ್ಲಿನ ಕೆಲವು ಪುರುಷರಲ್ಲಿ ಹುಟ್ಟಿನಿಂದಲೇ ಆ ಕಿಣ್ವದ ಕೊರತೆ ಇತ್ತು, ಅವರ ಹಣೆಯ ಕೂದಲು ಹಿಂದೆ ಸರಿದಿರಲಿಲ್ಲ. ಇಂದು ಬಳಕೆಯಲ್ಲಿರುವ ಫಿನಾಸ್ಟೆರೈಡ್ ಮಾತ್ರೆಗೆ ದಾರಿ ತೋರಿಸಿದ್ದು ಇದೇ ಸಂಶೋಧನೆ.

3. ವಯಸ್ಸು: ಬೇಗ ಶುರುವಾದರೆ ಹೆಚ್ಚು ಎಚ್ಚರ ಬೇಕು

ಪ್ರೌಢಾವಸ್ಥೆಯ ನಂತರ ಯಾವಾಗ ಬೇಕಾದರೂ ಇದು ಶುರುವಾಗಬಹುದು. ವಯಸ್ಸು ಹೆಚ್ಚಿದಂತೆ ಪ್ರಮಾಣವೂ ಏರುತ್ತದೆ. ಇಪ್ಪತ್ತರ ಆಸುಪಾಸಿನಲ್ಲೇ ಶುರುವಾದರೆ ಮುಂದೆ ಹೆಚ್ಚು ವ್ಯಾಪಿಸುವ ಸಾಧ್ಯತೆ ಇದೆ. ಮೂವತ್ತೈದರ ನಂತರ ಶುರುವಾದವರಲ್ಲಿ ಅದು ನಿಧಾನವಾಗಿ ಸಾಗುವುದು ಹೆಚ್ಚು.

4. ಧೂಮಪಾನ, ಬೊಜ್ಜು, ಜೀವನಶೈಲಿ

ಇವು ಮೂಲ ಕಾರಣಗಳಲ್ಲ. ಇರುವ ಪ್ರವೃತ್ತಿಯನ್ನು ಇವು ಜೋರು ಮಾಡಬಹುದು ಎನ್ನುವುದಕ್ಕೆ ಆಧಾರಗಳಿವೆ.

* ಧೂಮಪಾನ: ತೈವಾನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಯಸ್ಸು ಮತ್ತು ಕುಟುಂಬದ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಧೂಮಪಾನಿಗಳಲ್ಲಿ ಬೋಳು ತಲೆ ಹೆಚ್ಚಾಗಿತ್ತು. ದಿನಕ್ಕೆ 20 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟ್ ಸೇದುವವರಲ್ಲಿ ಈ ನಂಟು ಸ್ಪಷ್ಟವಾಗಿತ್ತು.
* ಬೊಜ್ಜು, ಸಕ್ಕರೆ ಪ್ರಮಾಣ: ಹೊಟ್ಟೆಯ ಬೊಜ್ಜು, ಅಧಿಕ ರಕ್ತದೊತ್ತಡ, ಇನ್ಸುಲಿನ್ ಪ್ರತಿರೋಧ ಇರುವವರಲ್ಲಿ ಬೇಗ ಬೋಳು ಬರುವುದು ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ.
* ಸಿಹಿ ಪಾನೀಯಗಳು: ಚೀನಾದ ಯುವಕರ ಸಮೀಕ್ಷೆಯೊಂದು 2023ರಲ್ಲಿ ಇಂಥ ನಂಟನ್ನು ತೋರಿಸಿತ್ತು. ಆದರೆ ಅದು ಪ್ರಶ್ನಾವಳಿ ಆಧರಿಸಿದ ಸಮೀಕ್ಷೆ. ಸಕ್ಕರೆಯೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ.

5. ಜಿಮ್‌ನ ಸ್ಟೆರಾಯ್ಡ್ ಇಂಜೆಕ್ಷನ್

ಬೇಗ ಮೈಕಟ್ಟು ಬರಲೆಂದು ಕೆಲವರು ಅನಾಬಾಲಿಕ್ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಾರೆ. ಇವು ಪುರುಷ ಹಾರ್ಮೋನಿನಂತೆಯೇ ಕೆಲಸ ಮಾಡುತ್ತವೆ. ವಂಶದಲ್ಲಿ ಬೋಳು ಇರುವವರು ಇವನ್ನು ಬಳಸಿದರೆ ಕೂದಲು ವೇಗವಾಗಿ ಹೋಗುತ್ತದೆ, ಜೊತೆಗೆ ಹೃದಯ, ಯಕೃತ್ತು, ವೀರ್ಯಾಣುಗಳ ಮೇಲೂ ಪೆಟ್ಟು ಬೀಳುತ್ತದೆ. ಪ್ರೋಟೀನ್ ಪುಡಿಯಿಂದ ಬೋಳು ಬರುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಡಬ್ಬಿಯಲ್ಲಿ ನಿಜಕ್ಕೂ ಏನಿದೆ ಎಂದು ಗೊತ್ತಿಲ್ಲದ ಪುಡಿಗಳಿಂದ ದೂರವಿರುವುದು ಒಳ್ಳೆಯದು.

ಹಾಗಾದರೆ ಪುಣೆಯ ನೀರು?

ಪುಣೆ ಪಾಲಿಕೆಯ ನಲ್ಲಿ ನೀರು ಬರುವುದು ಮುಖ್ಯವಾಗಿ ಖಡಕವಾಸಲಾ ಮತ್ತು ಅದರ ಮೇಲಿರುವ ಪಾನಶೇತ, ವರಸಗಾಂವ್, ಟೇಮಘರ್ ಅಣೆಕಟ್ಟುಗಳಿಂದ. ನಗರದ ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಅವಲಂಬನೆ ಹೆಚ್ಚು. ಕಪ್ಪು ಕಲ್ಲಿನ ನೆಲದಿಂದ ಬರುವ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅದು ಗಡಸು ನೀರು. ಬಕೆಟ್ ಮೇಲೆ ಬಿಳಿ ಪದರ ಕಟ್ಟುವುದು, ಸೋಪು ನೊರೆ ಬಾರದಿರುವುದು ಇದರ ಗುರುತು.

ಗಡಸು ನೀರಿನಲ್ಲಿ ತಲೆ ತೊಳೆದರೆ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗಬಹುದು. ಆದರೆ ಅದು ತಾಗುವುದು ಚರ್ಮದ ಹೊರಗಿರುವ ಎಳೆಗೆ. ಬೋಳು ತಲೆಯ ಕೆಲಸ ನಡೆಯುವುದು ಚರ್ಮದ ಒಳಗಿನ ಬುಡದಲ್ಲಿ. ನೀರೇ ಕಾರಣವಾಗಿದ್ದರೆ ಹಿಂದಲೆಯ ಕೂದಲೂ ಹೋಗಬೇಕಿತ್ತು, ಒಂದೇ ಮನೆಯಲ್ಲಿ ಅದೇ ನೀರು ಬಳಸುವ ಎಲ್ಲರಿಗೂ ಬೋಳು ಬರಬೇಕಿತ್ತು.

ಗುರುತಿಸುವುದು ಹೇಗೆ? ಉದುರಿದ ಕೂದಲಿನ ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದೆ ತುಂಡು ತುಂಡಾಗಿದ್ದರೆ ಅದು ಮುರಿದದ್ದು.

ಹೆಲ್ಮೆಟ್ ವಿಷಯವೂ ಇಷ್ಟೇ. ಕೂದಲಿನ ಬುಡಕ್ಕೆ ಆಮ್ಲಜನಕ ಸಿಗುವುದು ರಕ್ತದಿಂದ, ಹೊರಗಿನ ಗಾಳಿಯಿಂದಲ್ಲ. ಬೆವರು, ಕೊಳೆ ಸೇರಿ ತುರಿಕೆಯೋ ತಲೆಹೊಟ್ಟೋ ಹೆಚ್ಚಬಹುದು. ಅದಕ್ಕೆ ಒಳಗೆ ಹತ್ತಿಯ ಬಟ್ಟೆ ಕಟ್ಟಿಕೊಳ್ಳುವುದು, ಹೆಲ್ಮೆಟ್‌ನ ಒಳಪದರ ತೊಳೆಯುವುದು ಪರಿಹಾರ. ಕೂದಲು ಉಳಿಸಲು ಹೆಲ್ಮೆಟ್ ಬಿಟ್ಟರೆ ತಲೆಗೇ ಅಪಾಯ.

‘ಬಂದ ಮೂರೇ ತಿಂಗಳಲ್ಲಿ ಉದುರಿತು’ ಎನ್ನುವವರಿಗೆ

ಕೆಲವರಿಗೆ ನಿಜಕ್ಕೂ ಹೊಸ ಊರಿಗೆ ಬಂದ ಕೆಲವೇ ತಿಂಗಳಲ್ಲಿ ಗೊಂಚಲು ಗೊಂಚಲಾಗಿ ಕೂದಲು ಉದುರುತ್ತದೆ. ಇದು ಬೇರೆ ಸಮಸ್ಯೆ. ಇದರ ಹೆಸರು ‘ಟೆಲೋಜೆನ್ ಎಫ್ಲೂವಿಯಂ’. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ, ಶಸ್ತ್ರಚಿಕಿತ್ಸೆ, ಏಕಾಏಕಿ ತೂಕ ಇಳಿಕೆ, ಸರಿಯಾಗಿ ಊಟ ಮಾಡದಿರುವುದು, ತೀವ್ರ ಮಾನಸಿಕ ಒತ್ತಡ ಇವುಗಳಿಂದ ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ. ಎರಡು ಮೂರು ತಿಂಗಳ ಬಳಿಕ ಒಟ್ಟಿಗೆ ಉದುರುತ್ತವೆ. ಆದ್ದರಿಂದ ಇಂದು ಉದುರುತ್ತಿದ್ದರೆ ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ನೆನಪಿಸಿಕೊಳ್ಳಿ.

ಕಾರಣ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಈ ಉದುರುವಿಕೆ ನಿಂತು ಕೂದಲು ಮತ್ತೆ ಬರುತ್ತದೆ. ಆದರೆ ಒಳಗೊಳಗೇ ಬೋಳು ತಲೆಯ ಪ್ರವೃತ್ತಿ ಇದ್ದವರಿಗೆ, ಅದು ಬಯಲಾಗುವುದೂ ಇಂಥ ಸಂದರ್ಭದಲ್ಲೇ.

ಮಹಾರಾಷ್ಟ್ರದ್ದೇ ಇನ್ನೊಂದು ಉದಾಹರಣೆ ಇದೆ. 2024ರ ಕೊನೆ ಮತ್ತು 2025ರ ಆರಂಭದಲ್ಲಿ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ತಾಲ್ಲೂಕಿನ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು ಎನ್ನದೆ ಹಲವರ ಕೂದಲು ಕೆಲವೇ ದಿನಗಳಲ್ಲಿ ಉದುರಿ ದೇಶದಾದ್ಯಂತ ಸುದ್ದಿಯಾಗಿತ್ತು. ಐಸಿಎಂಆರ್ ತಂಡವೂ ಅಲ್ಲಿಗೆ ಬಂದಿತ್ತು. ಪಡಿತರದ ಗೋಧಿಯಲ್ಲಿದ್ದ ಅತಿಯಾದ ಸೆಲೆನಿಯಂ ಇದಕ್ಕೆ ಕಾರಣ ಎಂದು ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಹೇಳಿದ್ದರು. ವಂಶಪಾರಂಪರ್ಯದ ಬೋಳು ಹೀಗೆ ದಿನಗಳಲ್ಲಿ ಬರುವುದಿಲ್ಲ, ವರ್ಷಗಳಲ್ಲಿ ಬರುತ್ತದೆ. ದಿಢೀರನೆ ಉದುರಿದರೆ, ನಾಣ್ಯದಾಕಾರದಲ್ಲಿ ಖಾಲಿಯಾದರೆ, ಗಾಯ, ಕೀವು, ಉರಿ ಇದ್ದರೆ ಕಾರಣ ಬೇರೆ ಎಂದು ತಿಳಿದು ಕೂಡಲೇ ವೈದ್ಯರನ್ನು ಕಾಣಬೇಕು.

ಕೂದಲಿನ ಜೊತೆ ಹೃದಯವನ್ನೂ ನೋಡಿಕೊಳ್ಳಿ

ಅಹಮದಾಬಾದ್‌ನ ಯು.ಎನ್. ಮೆಹ್ತಾ ಹೃದ್ರೋಗ ಸಂಸ್ಥೆಯ ವೈದ್ಯರು 2017ರಲ್ಲಿ ಮಂಡಿಸಿದ ಅಧ್ಯಯನವೊಂದು ಗಮನ ಸೆಳೆದಿತ್ತು. 40 ವರ್ಷದೊಳಗೇ ಹೃದಯದ ರಕ್ತನಾಳದ ಕಾಯಿಲೆಗೆ ತುತ್ತಾದ 790 ಪುರುಷರನ್ನು ಅದೇ ವಯಸ್ಸಿನ 1,270 ಆರೋಗ್ಯವಂತರೊಂದಿಗೆ ಹೋಲಿಸಲಾಗಿತ್ತು. ಹೃದ್ರೋಗಿಗಳಲ್ಲಿ ಶೇ 49ರಷ್ಟು ಮಂದಿಗೆ ಬೋಳು ತಲೆ ಇತ್ತು, ಆರೋಗ್ಯವಂತರಲ್ಲಿ ಈ ಪ್ರಮಾಣ ಶೇ 27.

ಬೋಳು ತಲೆಯಿಂದ ಹೃದಯಾಘಾತ ಆಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಮೂವತ್ತರೊಳಗೇ ನೆತ್ತಿ ಕಾಣತೊಡಗಿದವರು, ಅದರಲ್ಲೂ ಮನೆಯಲ್ಲಿ ಹೃದ್ರೋಗ ಅಥವಾ ಮಧುಮೇಹದ ಹಿನ್ನೆಲೆ ಇರುವವರು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಎಣ್ಣೆಗೆ ಸುರಿಯುವ ಹಣಕ್ಕಿಂತ ಈ ಪರೀಕ್ಷೆಗಳಿಗೆ ಆಗುವ ಖರ್ಚು ಹೆಚ್ಚು ಸಾರ್ಥಕ.

ಚಿಕಿತ್ಸೆ ಏನಿದೆ?

* ಮಿನಾಕ್ಸಿಡಿಲ್: ಮೊದಲು ರಕ್ತದೊತ್ತಡದ ಮಾತ್ರೆಯಾಗಿದ್ದ ಇದನ್ನು ತಲೆಗೆ ಹಚ್ಚುವ ದ್ರಾವಣವಾಗಿ ಅಮೆರಿಕದಲ್ಲಿ 1988ರಲ್ಲಿ ಅನುಮೋದಿಸಲಾಯಿತು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು. ಹೆದರಿ ಅಲ್ಲಿಗೇ ನಿಲ್ಲಿಸುವವರೂ ಇದ್ದಾರೆ.
* ಫಿನಾಸ್ಟೆರೈಡ್: ಡಿಎಚ್‌ಟಿ ತಯಾರಾಗುವುದನ್ನು ತಗ್ಗಿಸುವ 1 ಮಿ.ಗ್ರಾಂ ಮಾತ್ರೆ. ಕೂದಲಿಗಾಗಿ 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನೂರರಲ್ಲಿ ಒಬ್ಬಿಬ್ಬರಿಗೆ ಲೈಂಗಿಕ ಆಸಕ್ತಿ ಕುಗ್ಗುವಂಥ ಅಡ್ಡಪರಿಣಾಮ ಕಾಣಬಹುದು. ಖಿನ್ನತೆ, ಆತ್ಮಹತ್ಯೆಯ ಆಲೋಚನೆಗಳ ಬಗ್ಗೆ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಎಚ್ಚರಿಕೆ ನೀಡಿದೆ. ಹೀಗಾಗಿ ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಲೇಬಾರದು. ಪುಡಿಯಾದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು.

ಎರಡಕ್ಕೂ ಒಂದೇ ನಿಯಮ: ನಿಲ್ಲಿಸಿದರೆ ಉಳಿದ ಕೂದಲೂ ಕೆಲವು ತಿಂಗಳಲ್ಲಿ ಹೋಗುತ್ತದೆ. ಇವು ಇರುವ ಕೂದಲನ್ನು ಉಳಿಸುತ್ತವೆ, ತೆಳುವಾದದ್ದನ್ನು ಸ್ವಲ್ಪ ದಪ್ಪ ಮಾಡುತ್ತವೆ. ವರ್ಷಗಳಿಂದ ನುಣುಪಾಗಿರುವ ನೆತ್ತಿಯಲ್ಲಿ ಮತ್ತೆ ಬೆಳೆ ತೆಗೆಯುವುದಿಲ್ಲ. ಬೇಗ ಶುರು ಮಾಡಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ.

ಕೂದಲು ಕಸಿ: ಮದುವೆ ಅವಸರಕ್ಕೆ ಜೀವ ಪಣಕ್ಕಿಡಬೇಡಿ

ಹಿಂದಲೆಯ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಟ್ಟರೆ ಅದು ಅಲ್ಲೂ ತನ್ನ ಗುಣ ಬಿಡುವುದಿಲ್ಲ ಎಂದು ನ್ಯೂಯಾರ್ಕ್‌ನ ಡಾ. ನಾರ್ಮನ್ ಓರೆಂಟ್ರೈಚ್ 1959ರಲ್ಲಿ ತೋರಿಸಿದ್ದರು. ಕಸಿ ನಿಂತಿರುವುದೇ ಈ ತತ್ವದ ಮೇಲೆ. ಆದರೆ ಸುತ್ತಲಿನ ಹಳೆಯ ಕೂದಲು ಉದುರುವುದನ್ನು ಕಸಿ ತಡೆಯುವುದಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಕಸಿ ಮಾಡಿಸಿಕೊಂಡರೆ ಮುಂದೆ ಮಧ್ಯದಲ್ಲಿ ಖಾಲಿ ಉಳಿಯಬಹುದು.

ಇದು ಬ್ಯೂಟಿ ಪಾರ್ಲರ್ ಕೆಲಸವಲ್ಲ, ಶಸ್ತ್ರಚಿಕಿತ್ಸೆ. ಕಾನ್ಪುರದಲ್ಲಿ ಕಸಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರ್‌ಗಳು ಮೃತಪಟ್ಟ ಪ್ರಕರಣ 2025ರಲ್ಲಿ ಬೆಳಕಿಗೆ ಬಂದಿತ್ತು. ಸೂಕ್ತ ಶಸ್ತ್ರಚಿಕಿತ್ಸಾ ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕು, ಯೂಟ್ಯೂಬ್ ನೋಡಿ ಕಲಿಯುವ ವಿದ್ಯೆ ಇದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸ್ಪಷ್ಟಪಡಿಸಿದೆ. ಹಣ ಕಟ್ಟುವ ಮೊದಲು ಇಷ್ಟು ಕೇಳಿ:

* ಕತ್ತರಿ ಹಿಡಿಯುವವರು ಯಾರು? ಅವರ ಪದವಿ ಏನು, ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಎಷ್ಟು?
* ತುರ್ತು ಪರಿಸ್ಥಿತಿ ಎದುರಾದರೆ ಏನು ವ್ಯವಸ್ಥೆ ಇದೆ?
* ಬಿಪಿ, ಸಕ್ಕರೆ, ಅಲರ್ಜಿ ಪರೀಕ್ಷೆ ಮಾಡುತ್ತಾರೆಯೇ?
* ಕಸಿಯ ನಂತರವೂ ಔಷಧ ಬೇಕೇ? ಎಷ್ಟು ಕಾಲ?

ಪುಣೆಯಲ್ಲಿ ಎಲ್ಲಿ ತೋರಿಸಬಹುದು?

ಮೊದಲ ಭೇಟಿಗೆ ದುಬಾರಿ ಕ್ಲಿನಿಕ್ಕೇ ಬೇಕೆಂದಿಲ್ಲ. ಪುಣೆ ರೈಲು ನಿಲ್ದಾಣದ ಬಳಿ ಇರುವ, ಬಿ.ಜೆ. ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಸಸೂನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ನಗರದ ಇತರ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಹೊರರೋಗಿ ವಿಭಾಗದಲ್ಲಿ ತೋರಿಸಬಹುದು. ಊರಿಗೆ ಹೋದಾಗ ಜಿಲ್ಲಾಸ್ಪತ್ರೆಯ ಚರ್ಮರೋಗ ತಜ್ಞರನ್ನೂ ಕಾಣಬಹುದು. ಹೋಗುವಾಗ ಒಂದೆರಡು ವರ್ಷ ಹಿಂದಿನ ಫೋಟೊ, ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ, ಮನೆಯಲ್ಲಿ ಯಾರ‍್ಯಾರಿಗೆ ಬೋಳು ಇದೆ ಎಂಬ ವಿವರ ಒಯ್ಯಿರಿ.

ಪದೇ ಪದೇ ಕೇಳುವ ಪ್ರಶ್ನೆಗಳು

*ತಲೆ ಬೋಳಿಸಿದರೆ ಕೂದಲು ದಪ್ಪ ಬರುತ್ತದೆಯೇ?*
ಇಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ದಪ್ಪ ಅನ್ನಿಸುತ್ತದೆ. ಬುಡ ಬದಲಾಗುವುದಿಲ್ಲ.

*ಕೊಬ್ಬರಿ ಎಣ್ಣೆ ಹಚ್ಚಬಾರದೇ?*
ಹಚ್ಚಬಹುದು. ಎಳೆ ಮೃದುವಾಗುತ್ತದೆ, ಮುರಿಯುವುದು ಕಡಿಮೆಯಾಗುತ್ತದೆ. ಡಿಎಚ್‌ಟಿಯನ್ನು ಅದು ತಡೆಯುವುದಿಲ್ಲ.

*ತಲೆಹೊಟ್ಟಿನಿಂದ ಬೋಳು ಬರುತ್ತದೆಯೇ?*
ಬರುವುದಿಲ್ಲ. ಆದರೆ ತುರಿಕೆ, ಉರಿಯೂತದಿಂದ ಉದುರುವುದು ಹೆಚ್ಚಬಹುದು. ಚಿಕಿತ್ಸೆ ಪಡೆಯುವುದು ಒಳ್ಳೆಯದು.

*ಬಯೋಟಿನ್ ಮಾತ್ರೆ ಬೇಕೇ?*
ಕೊರತೆ ಇದ್ದವರಿಗೆ ಮಾತ್ರ. ಇದು ಥೈರಾಯ್ಡ್‌ನಂಥ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಿಸಬಲ್ಲದು. ಪರೀಕ್ಷೆಗೆ ಮೊದಲು ವೈದ್ಯರಿಗೆ ತಿಳಿಸಿ.

*ಊರಿಗೆ ವಾಪಸ್ ಹೋದರೆ ಸರಿಹೋಗುತ್ತದೆಯೇ?*
ಜ್ವರ, ಒತ್ತಡ, ಊಟದ ಕೊರತೆಯಿಂದ ಉದುರಿದ್ದರೆ ಸರಿಹೋಗಬಹುದು, ಪುಣೆಯಲ್ಲಿದ್ದರೂ ಸರಿಹೋಗುತ್ತದೆ. ವಂಶದಿಂದ ಬಂದದ್ದು ಊರು ಬದಲಿಸಿದರೆ ನಿಲ್ಲುವುದಿಲ್ಲ.

ಕೊನೆಯದಾಗಿ

ಬೋಳು ತಲೆ ಕಾಯಿಲೆಯೂ ಅಲ್ಲ, ತಪ್ಪೂ ಅಲ್ಲ. ಚಿಕಿತ್ಸೆ ಬೇಡ ಎಂದು ಹಾಗೇ ಇರುವುದೂ ಸರಿಯಾದ ಆಯ್ಕೆಯೇ. ಆದರೆ ಹೆಣ್ಣು ನೋಡಲು ಹೋದಾಗ, ಗೆಳೆಯರ ನಡುವೆ ಎದುರಾಗುವ ಮಾತುಗಳಿಂದ ಮನಸ್ಸು ಕುಗ್ಗಿದರೆ, ಹೊರಗೆ ಹೋಗಲೇ ಬೇಸರವಾದರೆ ಅದನ್ನೂ ವೈದ್ಯರ ಮುಂದೆ ಹೇಳಿಕೊಳ್ಳಿ. ಉಳಿಸಿಕೊಳ್ಳಬೇಕು ಎನ್ನುವವರು ಮಾತ್ರ ನೀರನ್ನು ದೂರುತ್ತ ವರ್ಷ ಕಳೆಯಬಾರದು. ಹಣೆಯ ಅಂಚು ಹಿಂದೆ ಸರಿಯುತ್ತಿದೆ, ಮನೆಯಲ್ಲೂ ಬೋಳಿನ ಹಿನ್ನೆಲೆ ಇದೆ ಎಂದಾದರೆ ಈ ತಿಂಗಳೇ ಒಮ್ಮೆ ಚರ್ಮರೋಗ ತಜ್ಞರನ್ನು ಕಾಣಿ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಯಾವುದೇ ಔಷಧ ಆರಂಭಿಸುವ ಅಥವಾ ನಿಲ್ಲಿಸುವ ಮೊದಲು ವೈದ್ಯರ ಸಲಹೆ ಪಡೆಯಿರಿ.)